ಸ್ತನ ಇಂಪ್ಲಾಂಟ್ ಆಪರೇಷನ್: ಸಹಿ ಹಾಕುವ ಮುಂಚೆ ಯಾವ ಅಪಾಯಗಳು ಗೊತ್ತಿರಬೇಕು?

ಹೊಸಬೆಳಕು

ಎಲ್ಲರಿಗೂ ನಮಸ್ಕಾರ. ಇಂಪ್ಲಾಂಟ್ ಹಾಕಿಸಿಕೊಳ್ಳುವ ಯೋಚನೆ ನನಗೆ ತುಂಬಾ ವರ್ಷಗಳಿಂದ ಇದೆ. ಈಗ ಒಪ್ಪಿಗೆ ಪತ್ರ ಕೈಯಲ್ಲಿದೆ, ಸಹಿ ಇನ್ನೂ ಹಾಕಿಲ್ಲ. ಅದರಲ್ಲಿ ಸೋಂಕು, ರಕ್ತಸ್ರಾವ, ಗಟ್ಟಿಯಾಗುವುದು, ಒಡೆಯುವುದು, ಸ್ಪರ್ಶ ಕಡಿಮೆಯಾಗುವುದು, ಅಪರೂಪದ ಕ್ಯಾನ್ಸರ್ ಅಂತ ಒಂದರ ಕೆಳಗೆ ಒಂದು ಬರೆದಿದ್ದಾರೆ. ಎಲ್ಲಕ್ಕೂ ಒಂದೇ ತೂಕ ಕೊಟ್ಟ ಹಾಗಿದೆ. ಯಾವುದು ಸಾಮಾನ್ಯ, ಯಾವುದು ತೀರಾ ಅಪರೂಪ? ಯಾವುದು ಮೊದಲ ವಾರದಲ್ಲೇ ಬರುತ್ತದೆ, ಯಾವುದು ಹತ್ತು ವರ್ಷ ಬಿಟ್ಟು ಬರುತ್ತದೆ? ನನಗೆ ಬೇಕಾಗಿರುವುದು ಇದೇ.

ಮಾಡಿಸು ಅಂತಲೂ ಬೇಡ, ಮಾಡಿಸಬೇಡ ಅಂತಲೂ ಬೇಡ. ಗೊತ್ತಿದ್ದವರು ಗೊತ್ತಿರುವುದನ್ನು ಬಿಡಿಸಿ ಹೇಳಿದರೆ ಸಾಕು. ನಿರ್ಧಾರ ನಾನೇ ಮಾಡುತ್ತೇನೆ.

ತಿಳಿನೀರು

ಸಿಲಿಕೋನ್ ಜೆಲ್ ಇಂಪ್ಲಾಂಟ್ ಹಾಕಿಸಿಕೊಂಡು ನನಗೆ ಹತ್ತು ವರ್ಷದ ಮೇಲಾಯಿತು. ನಡುವೆ ಒಂದು ಕಡೆಯದನ್ನು ಬದಲಾಯಿಸಿದ್ದೂ ಆಯಿತು. ಹಾಗಾಗಿ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದು: ಇಂಪ್ಲಾಂಟ್ ಜೀವನಪೂರ್ತಿ ಬಾಳುವ ಸಾಧನ ಅಲ್ಲ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) 2021ರ ಅಕ್ಟೋಬರ್‌ನಲ್ಲಿ ಎಲ್ಲ ಸ್ತನ ಇಂಪ್ಲಾಂಟ್‌ಗಳ ಮೇಲೂ ಚೌಕಟ್ಟು ಹಾಕಿದ ಎಚ್ಚರಿಕೆ ಇರಬೇಕು ಅಂತ ಕಡ್ಡಾಯ ಮಾಡಿತು. ಈ ಮಾತು ಅದರಲ್ಲೇ ಇದೆ. ಒಳಗಿದ್ದ ವರ್ಷಗಳು ಹೆಚ್ಚಿದಂತೆ ತೊಂದರೆಯ ಸಾಧ್ಯತೆಯೂ ಹೆಚ್ಚುತ್ತದೆ.

ಅದೇ ಸಂಸ್ಥೆ 2011ರಲ್ಲಿ ಕೊಟ್ಟ ಅಂದಾಜು ನೋಡಿ. ಗಾತ್ರ ಹೆಚ್ಚಿಸಲು ಹಾಕಿಸಿಕೊಂಡ 5 ಜನರಲ್ಲಿ ಒಬ್ಬರಿಗೆ 10 ವರ್ಷದೊಳಗೆ ತೆಗೆಸಬೇಕಾಗುತ್ತದೆ. ಕ್ಯಾನ್ಸರ್ ಆದ ಮೇಲೆ ಮರುನಿರ್ಮಾಣಕ್ಕೆ ಹಾಕಿಸಿಕೊಂಡವರಲ್ಲಿ ಇದು ಇಬ್ಬರಲ್ಲಿ ಒಬ್ಬರವರೆಗೂ ಹೋಗುತ್ತದೆ. ಹಾಗಾಗಿ ಎರಡನೇ ಆಪರೇಷನ್ ಬರುತ್ತದೆ ಅಂತಲೇ ಲೆಕ್ಕ ಹಾಕಿ. ಅದಕ್ಕೆ ಬೇಕಾದ ಹಣ, ರಜೆ, ಮನೆಯಲ್ಲಿ ನೋಡಿಕೊಳ್ಳುವವರು, ಎಲ್ಲ ಈಗಲೇ ಲೆಕ್ಕದಲ್ಲಿರಲಿ. ಬರದೇ ಹೋದರೆ ಒಳ್ಳೆಯದೇ ಆಯಿತು.

ನನಗೆ ಆಗಿದ್ದು ಕ್ಯಾಪ್ಸುಲರ್ ಕಾಂಟ್ರಾಕ್ಚರ್. ಹೊರಗಿನ ವಸ್ತು ಯಾವುದೇ ಒಳಗೆ ಹೋದರೂ ದೇಹ ಅದರ ಸುತ್ತ ತೆಳುವಾದ ಗಾಯದ ಪೊರೆ ಕಟ್ಟುತ್ತದೆ. ಅದು ಎಲ್ಲರಿಗೂ ಆಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಕೆಲವರಲ್ಲಿ ಮಾತ್ರ ಆ ಪೊರೆ ದಪ್ಪವಾಗಿ ಬಿಗಿಯುತ್ತಾ ಹೋಗಿ ಇಂಪ್ಲಾಂಟನ್ನು ಹಿಂಡುತ್ತದೆ. ಡಾಕ್ಟರುಗಳು ಇದನ್ನು ಬೇಕರ್ ಗ್ರೇಡ್ ಅಂತ ನಾಲ್ಕು ಹಂತದಲ್ಲಿ ಅಳೆಯುತ್ತಾರೆ. ಒಂದರಲ್ಲಿ ಮೆತ್ತಗೆ, ಸಹಜವಾಗಿರುತ್ತದೆ. ಎರಡರಲ್ಲಿ ಮುಟ್ಟಿದರೆ ಸ್ವಲ್ಪ ಗಟ್ಟಿ, ನೋಡಲು ಸರಿಯಾಗೇ ಇರುತ್ತದೆ. ಮೂರರಲ್ಲಿ ಗಟ್ಟಿಯೂ ಹೌದು, ಆಕಾರ ಕೆಟ್ಟಿದ್ದು ಕಣ್ಣಿಗೂ ಕಾಣುತ್ತದೆ. ನಾಲ್ಕರಲ್ಲಿ ನೋವೂ ಸೇರಿಕೊಳ್ಳುತ್ತದೆ.

ನನಗೆ ಮೊದಲು ಗೊತ್ತಾಗಿದ್ದು ಬ್ರಾ ಹಾಕಿಕೊಳ್ಳುವಾಗ. ಬಲಗಡೆಯದು ಎಡಗಡೆಗಿಂತ ಸ್ವಲ್ಪ ಮೇಲೆ ಕೂತಿತ್ತು, ಪಟ್ಟಿ ಎಷ್ಟು ಸರಿಮಾಡಿದರೂ ಸಮ ಆಗುತ್ತಿರಲಿಲ್ಲ. ನೋವು ಇರಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಬೋರಲು ಮಲಗಿದರೆ ಆ ಕಡೆ ಒತ್ತಿದಂತಾಗುತ್ತಿತ್ತು, ಎಡಗಡೆ ಏನೂ ಇಲ್ಲ. ಕೈಯಿಂದ ಮುಟ್ಟಿದರೆ ವ್ಯತ್ಯಾಸ ಸ್ಪಷ್ಟ. ಕೊನೆಗೆ ಪೊರೆಯನ್ನೂ ಇಂಪ್ಲಾಂಟನ್ನೂ ತೆಗೆದು ಹೊಸದು ಹಾಕಿದರು. ಎರಡನೇ ಸಲ ಚೇತರಿಸಿಕೊಳ್ಳಲು ಮೊದಲ ಸಲಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ ಅಂತಲೂ ಡಾಕ್ಟರ್ ಹೇಳಿದರು, ಅದೂ ನನ್ನ ತಲೆಯಲ್ಲಿದೆ.

ಹಸಿರುಗೌನು

ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು ನಾನು. ತಿಳಿನೀರು ಅವರು ವರ್ಷಗಳ ಮೇಲೆ ಬರುವುದನ್ನು ಹೇಳಿದರು, ನಾನು ಮೊದಲ ದಿನಗಳದ್ದನ್ನು ಹೇಳುತ್ತೇನೆ.

ಮೊದಲ ಒಂದೆರಡು ದಿನ ನಾವು ಹೆಚ್ಚು ಗಮನಿಸುವುದು ಒಳಗೆ ರಕ್ತ ತುಂಬಿಕೊಳ್ಳುವುದನ್ನು. ಎರಡೂ ಕಡೆ ಸ್ವಲ್ಪ ಊತ, ನೋವು ಇರುವುದು ಸಹಜ. ಒಂದೇ ಕಡೆ ಬೇಗ ಬೇಗ ಊದಿ, ಚರ್ಮ ಬಿಗಿದು, ಮಾತ್ರೆಗೂ ಜಗ್ಗದ ನೋವು ಬಂದರೆ ಬೆಳಗಾಗಲಿ ಅಂತ ಕಾಯಬಾರದು. ಅಂಥವರನ್ನು ಮತ್ತೆ ಥಿಯೇಟರಿಗೆ ಕರೆದುಕೊಂಡು ಹೋಗಿ ರಕ್ತ ತೆಗೆಯಬೇಕಾಗುತ್ತದೆ.

ಸೋಂಕು ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲಿ ಬರುತ್ತದೆ. ಕೆಂಪಾಗುವುದು, ಬಿಸಿ, ಜ್ವರ, ಗಾಯದಿಂದ ನೀರು. ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಿ. ಮಾಮೂಲಿ ಗಾಯದ ಸೋಂಕಿಗೆ ಆಂಟಿಬಯೋಟಿಕ್ ಸಾಕಾಗಬಹುದು. ಇಂಪ್ಲಾಂಟ್ ಮೇಲೆ ಬ್ಯಾಕ್ಟೀರಿಯಾ ಕೂತರೆ ಅದು ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ, ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಆಗ ಇಂಪ್ಲಾಂಟ್ ತೆಗೆದು, ಕೆಲವು ತಿಂಗಳು ಬಿಟ್ಟು ಮತ್ತೆ ಹಾಕಬೇಕಾಗುತ್ತದೆ. ಅಷ್ಟು ದಿನ ಒಂದು ಕಡೆ ಖಾಲಿ. ಇದನ್ನು ಮುಂಚೆ ಯಾರೂ ಹೇಳದಿದ್ದರೆ ಆಘಾತ ಆಗುತ್ತದೆ. ಹಾಗೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಇದೇ ಬ್ಯಾಕ್ಟೀರಿಯಾ ಪದರ, ಜ್ವರ ಬರಿಸದಷ್ಟು ಸಣ್ಣದಾಗಿದ್ದರೂ, ಮುಂದೆ ಪೊರೆ ಬಿಗಿಯಲು ಒಂದು ಕಾರಣ ಅಂತ ಬಹಳ ಸರ್ಜನ್‌ಗಳು ನಂಬುತ್ತಾರೆ.

ಬೀಡಿ, ಸಿಗರೇಟು, ವೇಪ್, ನಿಕೋಟಿನ್ ಪಟ್ಟಿ ಇದ್ದರೆ ಮುಚ್ಚಿಡಬೇಡಿ. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಗಾಯಕ್ಕೆ ರಕ್ತ ಸಾಲದೆ ಹೊಲಿಗೆ ಬಿಚ್ಚಿಕೊಳ್ಳುವುದು, ಚರ್ಮ ಸಾಯುವುದು ಆಗುತ್ತದೆ. ಆಪರೇಷನ್‌ಗೆ ಕನಿಷ್ಠ ಕೆಲವು ವಾರ ಮುಂಚೆಯೇ ಬಿಡಬೇಕು, ನಂತರವೂ ಮುಟ್ಟಬಾರದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಅದನ್ನೂ ಹೇಳಿ.

ಇನ್ನು ಅನಸ್ತೇಸಿಯಾ. ಆರೋಗ್ಯವಾಗಿರುವವರಲ್ಲಿ ದೊಡ್ಡ ತೊಂದರೆ ಕಡಿಮೆ. ಆದರೂ ಅರಿವಳಿಕೆ ತಜ್ಞರು ಪೂರ್ತಿ ಹೊತ್ತು ಇರುತ್ತಾರಾ, ಏನಾದರೂ ಹೆಚ್ಚುಕಮ್ಮಿಯಾದರೆ ಐಸಿಯು ಎಲ್ಲಿದೆ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಜಾಗ ಆದರೆ ಬೇರೆ ಜಾಗ ಹುಡುಕಿ.

ನೇರಮಾತು

ಒಂದು ಮಾತು ಹೇಳಲೇಬೇಕು ಅನ್ನಿಸಿತು. ಆರೋಗ್ಯವಾಗಿರುವ ದೇಹಕ್ಕೆ ಕತ್ತರಿ ಯಾಕೆ? ಇಷ್ಟೆಲ್ಲ ಅಪಾಯ ಓದಿದ ಮೇಲೂ ಯಾರಾದರೂ ಮುಂದೆ ಹೋಗುತ್ತಾರೆ ಅಂದರೆ ನನಗೆ ಅರ್ಥವಾಗುವುದಿಲ್ಲ. ದೇಹ ಹೇಗಿದೆಯೋ ಹಾಗೇ ಒಪ್ಪಿಕೊಳ್ಳುವುದು ಒಳ್ಳೆಯದಲ್ವಾ?

ಮರುಹುಟ್ಟು

@ನೇರಮಾತು, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇದನ್ನು ಹಾಕಿಸಿಕೊಳ್ಳುವವರೆಲ್ಲ ಒಂದೇ ಕಾರಣಕ್ಕೆ ಬರುವುದಿಲ್ಲ. ನನಗೆ ಕ್ಯಾನ್ಸರ್ ಆಗಿ ಒಂದು ಸ್ತನ ತೆಗೆದರು. ಕೆಲವರಿಗೆ ಹುಟ್ಟಿನಿಂದಲೇ ಒಂದು ಕಡೆ ಬೆಳೆದಿರುವುದಿಲ್ಲ. ಕೆಲವರಿಗೆ ಬರೀ ಆಸೆ, ಅದೂ ಅವರ ದೇಹ, ಅವರ ಇಷ್ಟ. ಹೊಸಬೆಳಕು ಕೇಳಿದ್ದು ಅಪಾಯಗಳ ಬಗ್ಗೆ. ಅದಕ್ಕೆ ಉತ್ತರ ಕೊಡೋಣ.

ನನ್ನ ಕಡೆಯಿಂದ ಮರುನಿರ್ಮಾಣದ ವಿಷಯ ಸೇರಿಸುತ್ತೇನೆ, ಈ ಪುಟ ಓದುವವರಲ್ಲಿ ಅಂಥವರೂ ಇರುತ್ತಾರೆ. ಸ್ತನ ತೆಗೆದ ಮೇಲೆ ಚರ್ಮ ಸಾಲದಿದ್ದರೆ ಮೊದಲು ಎಕ್ಸ್‌ಪ್ಯಾಂಡರ್ ಅನ್ನುವ ಹಿಗ್ಗುವ ಚೀಲ ಇಡುತ್ತಾರೆ. ಅದರಲ್ಲಿ ಒಂದು ಚಿಕ್ಕ ಪೋರ್ಟ್ ಇರುತ್ತದೆ. ಪ್ರತಿ ಭೇಟಿಯಲ್ಲಿ ಸೂಜಿ ಹಾಕಿ ಸ್ವಲ್ಪ ಸ್ವಲ್ಪ ಸಲೈನ್, ಅಂದರೆ ಉಪ್ಪುನೀರು, ತುಂಬುತ್ತಾರೆ, ಚರ್ಮ ನಿಧಾನವಾಗಿ ಹಿಗ್ಗುತ್ತದೆ. ತುಂಬಿದ ದಿನ ಸಂಜೆಗೆ ಎದೆಗೆ ಬಿಗಿಯಾದ ಪಟ್ಟಿ ಕಟ್ಟಿದಂತೆ ಅನ್ನಿಸುತ್ತಿತ್ತು, ಕೈ ಮೇಲೆತ್ತಿ ತಲೆ ಬಾಚುವುದೂ ಕಷ್ಟ. ಎರಡು ಮೂರು ದಿನಕ್ಕೆ ಸಡಿಲವಾಗುತ್ತಿತ್ತು. ಸಾಕಷ್ಟು ಹಿಗ್ಗಿದ ಮೇಲೆ ಇನ್ನೊಂದು ಆಪರೇಷನ್ ಮಾಡಿ ಇಂಪ್ಲಾಂಟ್ ಇಡುತ್ತಾರೆ.

ರೇಡಿಯೇಷನ್ ಆಗುವವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ರೇಡಿಯೇಷನ್ ತಗುಲಿದ ಚರ್ಮ ಬಿಗಿಯುತ್ತದೆ, ರಕ್ತದ ಓಡಾಟ ಕಡಿಮೆಯಾಗುತ್ತದೆ. ಅಂಥ ಕಡೆ ಪೊರೆ ಗಟ್ಟಿಯಾಗುವುದು, ಗಾಯ ಮಾಯದಿರುವುದು, ಇಂಪ್ಲಾಂಟ್ ಹೊರಬರುವುದು, ಎಲ್ಲವೂ ಹೆಚ್ಚು. ಹಾಗಾಗಿ ಕೆಲವರಿಗೆ ಸ್ವಂತ ಅಂಗಾಂಶದಿಂದಲೇ ಮಾಡುವುದು ಮೇಲು. ಡೀಪ್ ಫ್ಲ್ಯಾಪ್‌ನಲ್ಲಿ ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ಸ್ನಾಯು ಬಿಟ್ಟು ತೆಗೆದು, ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಎದೆಯ ರಕ್ತನಾಳಗಳಿಗೆ ಹೊಲಿಯುತ್ತಾರೆ. ಅದು ದೊಡ್ಡ, ಉದ್ದದ ಆಪರೇಷನ್, ಹೊಟ್ಟೆಯ ಮೇಲೂ ಗಾಯ. ಆದರೆ ಒಡೆಯಲು, ಬದಲಾಯಿಸಲು ಅಲ್ಲಿ ಸಾಧನವೇ ಇಲ್ಲ. ಏನೂ ಮಾಡಿಸದೆ ಎದೆ ಚಪ್ಪಟೆಯಾಗಿ, ನೀಟಾಗಿ ಮುಚ್ಚಿಸಿಕೊಳ್ಳುವುದೂ, ಬ್ರಾ ಒಳಗೆ ಇಟ್ಟುಕೊಳ್ಳುವ ಕೃತಕ ಸ್ತನವೂ ಇದೆ. ಇವುಗಳನ್ನೂ ಡಾಕ್ಟರ್ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ.

ಮುಟ್ಟಿದರೆ ನನಗೆ ಆ ಕಡೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲ ಇಟ್ಟುಕೊಂಡರೆ ಸುಟ್ಟರೂ ತಿಳಿಯದು ಅಂತ ಮೊದಲೇ ಎಚ್ಚರಿಸಿದ್ದರು. ಒಳ್ಳೆಯದಾಯಿತು.

ನೇರಮಾತು

@ಮರುಹುಟ್ಟು, ಸರಿ, ಒಪ್ಪಿದೆ. ಆ ಕಡೆಯಿಂದ ನಾನು ಯೋಚನೆ ಮಾಡಿರಲಿಲ್ಲ. ಹಾಗಾದರೆ ಒಂದು ಪ್ರಶ್ನೆ: ಕ್ಯಾನ್ಸರ್ ಅಂತ ಹೇಳುತ್ತಾರಲ್ಲ, ಇಂಪ್ಲಾಂಟ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದಾ?

ಪುಟತಿರುವು

ಇದಕ್ಕೆ ನಾನು ಉತ್ತರಿಸುತ್ತೇನೆ, ಈ ವಿಷಯ ಓದಿಕೊಂಡಿದ್ದೇನೆ. ಹೆಂಡತಿಗಾಗಿ ಓದಲು ಶುರು ಮಾಡಿದ್ದು.

ಮಾಮೂಲಿ ಸ್ತನ ಕ್ಯಾನ್ಸರ್ ಇಂಪ್ಲಾಂಟ್‌ನಿಂದ ಹೆಚ್ಚಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಜನ ಮಾತಾಡುವುದು ಬೇರೆ ಕಾಯಿಲೆಯ ಬಗ್ಗೆ. ಅದರ ಹೆಸರು ಬಿಐಎ-ಎಎಲ್‌ಸಿಎಲ್. ಅದು ರೋಗನಿರೋಧಕ ಜೀವಕೋಶಗಳ ಕ್ಯಾನ್ಸರ್, ಅಂದರೆ ಲಿಂಫೋಮಾ. ಸ್ತನದ ಅಂಗಾಂಶದಲ್ಲಿ ಅಲ್ಲ, ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ, ಅಲ್ಲಿನ ದ್ರವದಲ್ಲಿ ಶುರುವಾಗುತ್ತದೆ. ಇಂಥ ಸಂಬಂಧ ಇರಬಹುದು ಅಂತ ಎಫ್‌ಡಿಎ 2011ರಲ್ಲಿ ಮೊದಲು ಹೇಳಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಗುರುತಿಸಿತು.

ಇಂಪ್ಲಾಂಟ್ ಮೇಲ್ಮೈ ನಯವಾಗಿದೆಯಾ, ಒರಟಾಗಿದೆಯಾ ಅನ್ನುವುದು ಇಲ್ಲಿ ಬಹಳ ಮುಖ್ಯ. ಒಳಗೆ ತಿರುಗದೆ ನಿಲ್ಲಲಿ, ಪೊರೆ ಬಿಗಿಯುವುದು ಕಡಿಮೆಯಾಗಲಿ ಅಂತ ಒರಟು ಮೇಲ್ಮೈ ಮಾಡಿದ್ದು. ಈ ಲಿಂಫೋಮಾ ಕಂಡಿರುವುದು ಬಹುಪಾಲು ಅಂಥವುಗಳ ಜೊತೆಗೇ. 2019ರ ಜುಲೈ ಹೊತ್ತಿಗೆ ಜಗತ್ತಿನಾದ್ಯಂತ 573 ಪ್ರಕರಣ, 33 ಸಾವು ಎಫ್‌ಡಿಎ ಲೆಕ್ಕದಲ್ಲಿತ್ತು. ಅದರಲ್ಲಿ 481 ಪ್ರಕರಣ ಅಲರ್ಗನ್ ಕಂಪನಿಯ ಇಂಪ್ಲಾಂಟ್‌ಗಳದ್ದು. ಆ ತಿಂಗಳೇ ಎಫ್‌ಡಿಎ ಕೇಳಿದ ಮೇಲೆ ಅಲರ್ಗನ್ ತನ್ನ ಬಯೋಸೆಲ್ ಒರಟು ಇಂಪ್ಲಾಂಟ್‌ಗಳನ್ನು ಎಲ್ಲ ದೇಶಗಳಿಂದ ವಾಪಸ್ ತೆಗೆದುಕೊಂಡಿತು. ಫ್ರಾನ್ಸ್ ಅದಕ್ಕೂ ಮುಂಚೆ, ಏಪ್ರಿಲ್‌ನಲ್ಲೇ ಹೆಚ್ಚು ಒರಟಿನವನ್ನು ನಿಷೇಧಿಸಿತ್ತು.

ಸಾಧ್ಯತೆ ಎಷ್ಟು ಅಂದರೆ, ಒರಟು ಇಂಪ್ಲಾಂಟ್ ಇರುವವರಲ್ಲಿ ಸುಮಾರು 3,800ಕ್ಕೆ ಒಬ್ಬರಿಂದ ಹಿಡಿದು 30,000ಕ್ಕೆ ಒಬ್ಬರವರೆಗೆ ಬೇರೆ ಬೇರೆ ಅಂದಾಜುಗಳಿದ್ದವು. ಕಡಿಮೆಯೇ. ಆದರೆ ಸೊನ್ನೆ ಅಲ್ಲ. ಬೇಗ ಪತ್ತೆ ಹಚ್ಚಿ ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ತಿ ತೆಗೆದರೆ ಬಹಳ ಜನ ಗುಣವಾಗುತ್ತಾರೆ. ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹಾಕಿಸಿ ಎಂಟು ಹತ್ತು ವರ್ಷದ ಮೇಲೆ. ಮುಖ್ಯ ಲಕ್ಷಣ ಒಂದು ಕಡೆ ಊತ, ಕೆಲವೊಮ್ಮೆ ಗಂಟು ಅಥವಾ ನೋವು.

2022ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಪೊರೆಯಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಅನ್ನುವ ಇನ್ನೊಂದು ಕ್ಯಾನ್ಸರ್ ಮತ್ತು ಬೇರೆ ಬಗೆಯ ಲಿಂಫೋಮಾ ಕೂಡ ಕಂಡಿವೆ ಅಂತ. ಅವು ಇನ್ನೂ ಅಪರೂಪ. ಆದರೆ ಅವು ನಯವಾದ ಇಂಪ್ಲಾಂಟ್‌ಗಳ ಜೊತೆಗೂ ಕಂಡಿವೆ. ಹಾಗಾಗಿ ನಯವಾದದ್ದು ಹಾಕಿಸಿದ್ದೇನೆ, ನನಗೇನೂ ಇಲ್ಲ ಅಂತ ಮರೆತುಬಿಡುವುದು ಸರಿಯಲ್ಲ.

ಕಾಮನಬಿಲ್ಲು

ನಾನು ಇಂಪ್ಲಾಂಟ್ ತೆಗೆಸಿಕೊಂಡವಳು. ಗಟ್ಟಿಯಾಗಿರಲಿಲ್ಲ, ಒಡೆದಿರಲಿಲ್ಲ. ಆದರೆ ವಿಪರೀತ ಸುಸ್ತು, ಕೀಲು ನೋವು, ಓದಿದ್ದು ತಲೆಗೆ ಹತ್ತದಿರುವುದು, ಕೂದಲು ಉದುರುವುದು. ಥೈರಾಯ್ಡ್, ರಕ್ತಹೀನತೆ, ಎಲ್ಲ ಪರೀಕ್ಷೆ ಆಯಿತು, ಎಲ್ಲ ಸರಿಯಾಗಿದೆ ಅಂದರು. ಒಬ್ಬ ಡಾಕ್ಟರಂತೂ ಎಲ್ಲ ಮನಸ್ಸಿನ ಕಲ್ಪನೆ ಅಂತ ಕಳಿಸಿಬಿಟ್ಟರು. ಆ ಮಾತು ಕಾಯಿಲೆಗಿಂತ ಹೆಚ್ಚು ನೋಯಿಸಿತು. ತೆಗೆಸಿದ ಮೇಲೆ ಸುಸ್ತು, ಕೀಲು ನೋವು ಬಹಳ ಕಡಿಮೆಯಾಗಿದೆ. ಇದಕ್ಕೆ ಬ್ರೆಸ್ಟ್ ಇಂಪ್ಲಾಂಟ್ ಇಲ್‌ನೆಸ್ ಅನ್ನುತ್ತಾರೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ ಅನ್ನುವುದು ನನ್ನ ಸಿಟ್ಟು.

ಪುಟತಿರುವು

@ಕಾಮನಬಿಲ್ಲು, ನೀವು ಅನುಭವಿಸಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪುರಾವೆ ಎಲ್ಲಿಗೆ ಬಂದು ನಿಂತಿದೆ ಅನ್ನುವುದನ್ನೂ ಹೇಳಬೇಕು. 1992ರಲ್ಲಿ ಎಫ್‌ಡಿಎ ಸಿಲಿಕೋನ್ ಜೆಲ್ ಇಂಪ್ಲಾಂಟ್‌ಗಳನ್ನು ಗಾತ್ರ ಹೆಚ್ಚಿಸಲು ಬಳಸುವುದನ್ನು ನಿಲ್ಲಿಸಿತ್ತು. ಸಾವಿರಾರು ಕೇಸುಗಳು ಬಿದ್ದು, 1995ರಲ್ಲಿ ಇಂಪ್ಲಾಂಟ್ ತಯಾರಿಸುತ್ತಿದ್ದ ಡೌ ಕಾರ್ನಿಂಗ್ ಕಂಪನಿ ದಿವಾಳಿ ಅರ್ಜಿ ಹಾಕಿತು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇದ್ದ ಅಧ್ಯಯನಗಳನ್ನೆಲ್ಲ ನೋಡಿ, ಸಿಲಿಕೋನ್‌ನಿಂದ ದೇಹಪೂರ್ತಿ ಕಾಯಿಲೆ ಬರುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ, ನಿಜವಾದ ದೊಡ್ಡ ಸಮಸ್ಯೆ ಅದೇ ಜಾಗದಲ್ಲಿ ಆಗುವ ತೊಂದರೆಗಳು ಅಂತ ವರದಿ ಕೊಟ್ಟಿತು. 2006ರಲ್ಲಿ ಜೆಲ್ ಇಂಪ್ಲಾಂಟ್‌ಗಳಿಗೆ ಮತ್ತೆ ಅನುಮತಿ ಸಿಕ್ಕಿತು. 2018ರಲ್ಲಿ ಸುಮಾರು 1 ಲಕ್ಷ ಮಹಿಳೆಯರ ಮಾಹಿತಿ ನೋಡಿದ ಅಧ್ಯಯನವೊಂದು ಕೆಲವು ಅಪರೂಪದ ಕಾಯಿಲೆಗಳ ಜೊತೆ ಸಂಬಂಧ ಕಂಡಿದೆ ಅಂದಿತು. ಎಫ್‌ಡಿಎ ಅದನ್ನು ಒಪ್ಪಲಿಲ್ಲ, ಮಾಹಿತಿಯಲ್ಲೇ ಕೊರತೆಗಳಿವೆ ಅಂದಿತು.

ಕಾಮನಬಿಲ್ಲು

ಪುರಾವೆ ಸಾಲದು ಅಂದರೆ ಇಲ್ಲ ಅಂತ ಅರ್ಥವಾ? ನಾವು ಎಷ್ಟು ವರ್ಷ ಕಾಯಬೇಕು?

ಪುಟತಿರುವು

ಇಲ್ಲ, ಹಾಗೆ ಅರ್ಥ ಅಲ್ಲ. ನೀವು ಹೇಳಿದ ಲಕ್ಷಣಗಳ ಮಾತು 2021ರ ಎಚ್ಚರಿಕೆಯಲ್ಲೇ ಬಂದಿದೆ: ಸುಸ್ತು, ಕೀಲು ನೋವು, ಗೊಂದಲ ಅಂತ ಕೆಲವರು ಹೇಳಿದ್ದಾರೆ, ತೆಗೆಸಿದ ಮೇಲೆ ಕೆಲವರಿಗೆ ಕಡಿಮೆಯಾಗಿದೆ ಅಂತ. ಅಂದರೆ ಈಗ ಇದನ್ನು ರೋಗಿಗೆ ಹೇಳದೇ ಇರಲು ಕಾರಣವೇ ಇಲ್ಲ. ಇದನ್ನು ಖಚಿತವಾಗಿ ಪತ್ತೆ ಹಚ್ಚುವ ಪರೀಕ್ಷೆ ಮಾತ್ರ ಇಲ್ಲ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅಂತ ಮೊದಲೇ ಹೇಳಲೂ ಬರುವುದಿಲ್ಲ.

ಹಸಿರುಗೌನು

ಇಬ್ಬರದ್ದೂ ಸರಿಯಿದೆ. ಇಂಥ ಲಕ್ಷಣ ಇರುವವರು ಬೇರೆ ಕಾಯಿಲೆಗಳ ಪರೀಕ್ಷೆ ಬಿಡಬೇಡಿ. ಎಲ್ಲದಕ್ಕೂ ಇಂಪ್ಲಾಂಟೇ ಕಾರಣ ಅಂತ ಕೂತು ಥೈರಾಯ್ಡ್ ಅಥವಾ ಸಂಧಿವಾತ ಕೈತಪ್ಪಬಾರದು.

ತೆಗೆಸುವಾಗ ಪೊರೆಯನ್ನೂ ಇಡಿಯಾಗಿ, ಇಂಪ್ಲಾಂಟ್ ಒಳಗಿರುವಂತೆಯೇ ಹೊರತೆಗೆಯಬೇಕು ಅಂತ ಅಂತರ್ಜಾಲದಲ್ಲಿ ಜೋರಾಗಿ ಹೇಳುತ್ತಾರೆ. ಅದಕ್ಕೆ ಎನ್ ಬ್ಲಾಕ್ ಅನ್ನುತ್ತಾರೆ. ಲಿಂಫೋಮಾ ಇದ್ದಾಗ ಅದು ಬೇಕೇ ಬೇಕು. ಎಲ್ಲರಿಗೂ ಬೇಕಿಲ್ಲ. ಪೊರೆಯ ಹಿಂಭಾಗ ಪಕ್ಕೆಲುಬಿಗೆ ಅಂಟಿಕೊಂಡಿರುತ್ತದೆ. ಬಲವಂತವಾಗಿ ಕೆರೆದು ತೆಗೆಯಲು ಹೋದರೆ ಶ್ವಾಸಕೋಶದ ಹೊರಪದರಕ್ಕೆ ತೂತು ಬೀಳುವ ಅಪಾಯ ಇದೆ. ನಿಮಗೆ ಯಾವುದು ಬೇಕು, ಯಾಕೆ ಬೇಕು ಅಂತ ಸರ್ಜನ್ ಹತ್ತಿರ ಕೂತು ಮಾತಾಡಿ.

ಎಕ್ಸ್‌ರೇಕೋಣೆ

ನಾನು ಸ್ಕ್ಯಾನಿಂಗ್ ವಿಭಾಗದಲ್ಲಿ ಟೆಕ್ನಿಷಿಯನ್. ಒಡೆಯುವುದರ ಬಗ್ಗೆ ಹೊಸಬೆಳಕು ಬರೆದಿದ್ದರಲ್ಲ, ಅದಕ್ಕೆ ಉತ್ತರ.

ಸಲೈನ್ ಇಂಪ್ಲಾಂಟ್ ಒಡೆದರೆ ಮುಚ್ಚಿಡಲು ಸಾಧ್ಯವಿಲ್ಲ. ಉಪ್ಪುನೀರು ಸೋರಿ ದೇಹ ಹೀರಿಕೊಳ್ಳುತ್ತದೆ, ಆ ಕಡೆ ಇಳಿದುಹೋಗುತ್ತದೆ, ಕನ್ನಡಿಯಲ್ಲೇ ಗೊತ್ತಾಗುತ್ತದೆ. ಸಿಲಿಕೋನ್ ಜೆಲ್ ಹಾಗಲ್ಲ. ಅದು ಗಟ್ಟಿ ಜೆಲ್, ಹೊರಕವಚ ಹರಿದರೂ ಪೊರೆಯೊಳಗೇ ಉಳಿಯಬಹುದು. ಆಕಾರ ಬದಲಾಗುವುದಿಲ್ಲ, ನೋವೂ ಇರುವುದಿಲ್ಲ. ಹಾಗಾಗಿ ನನಗೇನೂ ಆಗಿಲ್ಲ, ಸ್ಕ್ಯಾನ್ ಯಾಕೆ ಅನ್ನುವವರಿಗೆ ನಾನು ಹೇಳುವುದು ಇದೇ: ಏನೂ ಅನ್ನಿಸದಿರುವಾಗಲೇ ಇದನ್ನು ನೋಡಬೇಕು. ಹಾಕಿಸಿ 5ರಿಂದ 6 ವರ್ಷಕ್ಕೆ ಮೊದಲ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್, ಆಮೇಲೆ 2ರಿಂದ 3 ವರ್ಷಕ್ಕೊಮ್ಮೆ ಅಂತ ಎಫ್‌ಡಿಎ ಸಲಹೆ. ಎಂಆರ್‌ಐಯಲ್ಲಿ ಹರಿದ ಕವಚ ಜೆಲ್ ಒಳಗೆ ಮಡಿಕೆ ಮಡಿಕೆಯಾಗಿ ತೇಲುವ ಕಪ್ಪು ಗೆರೆಗಳಂತೆ ಕಾಣುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಮ್ಯಾಮೊಗ್ರಾಂ ಬಗ್ಗೆ ಭಯ ಬೇಡ, ಆದರೆ ಒಳಗೆ ಬಂದ ತಕ್ಷಣ ಇಂಪ್ಲಾಂಟ್ ಇದೆ ಅಂತ ಹೇಳಿ. ಸಾಮಾನ್ಯವಾಗಿ ಎರಡೂ ಕಡೆ ಸೇರಿ 4 ಚಿತ್ರ ತೆಗೆಯುತ್ತೇವೆ. ಇಂಪ್ಲಾಂಟ್ ಇದ್ದರೆ 8 ಆಗುತ್ತದೆ. ಮೊದಲ ಸುತ್ತು ಇಂಪ್ಲಾಂಟ್ ಸಮೇತ, ಹಗುರವಾಗಿ ಒತ್ತಿ. ಎರಡನೇ ಸುತ್ತಿನಲ್ಲಿ ಬೆರಳುಗಳಿಂದ ಇಂಪ್ಲಾಂಟನ್ನು ಎದೆಗೂಡಿನ ಕಡೆ ಹಿಂದಕ್ಕೆ ತಳ್ಳಿ, ಸ್ತನದ ಅಂಗಾಂಶವನ್ನು ಮಾತ್ರ ಮುಂದಕ್ಕೆ ಎಳೆದು ಪ್ಲೇಟ್ ನಡುವೆ ಹಿಡಿಯುತ್ತೇವೆ. ಪೊರೆ ಗಟ್ಟಿಯಾಗಿರುವವರಲ್ಲಿ ಇದು ಸರಿಯಾಗಿ ಬರುವುದಿಲ್ಲ, ಆಗ ಒಂದಷ್ಟು ಭಾಗ ಮರೆಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಸ್ತನ ಕ್ಯಾನ್ಸರ್ ಇತಿಹಾಸ ಇರುವವರು ಆಪರೇಷನ್ ಮುಂಚೆಯೇ ಒಂದು ಮ್ಯಾಮೊಗ್ರಾಂ ಬೇಕಾ ಅಂತ ಡಾಕ್ಟರನ್ನು ಕೇಳಿ. ಮುಂದೆ ಹೋಲಿಸಿ ನೋಡಲು ಬರುತ್ತದೆ.

ಹೊಸಬೆಳಕು

ಇಷ್ಟು ವಿವರ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಎಲ್ಲರಿಗೂ ಧನ್ಯವಾದ. ನಾಳೆ ಸರ್ಜನ್ ಹತ್ತಿರ ಹೋಗುತ್ತಿದ್ದೇನೆ. ಎರಡು ಪ್ರಶ್ನೆ ಉಳಿದಿವೆ. ಮುಂದೆ ಮಗು ಆದರೆ ಹಾಲು ಕುಡಿಸಬಹುದಾ? ಇಂಪ್ಲಾಂಟನ್ನು ಎದೆ ಸ್ನಾಯುವಿನ ಮೇಲೆ ಇಡುವುದು, ಕೆಳಗೆ ಇಡುವುದು ಅಂತಾರಲ್ಲ, ಅದರಲ್ಲಿ ಯಾವುದು ಕ್ಷೇಮ?

ಹಸಿರುಗೌನು

ಹಾಲು ಕುಡಿಸಿದವರು ಬಹಳ ಜನ ಇದ್ದಾರೆ. ಆದರೆ ಖಾತ್ರಿ ಕೊಡಲು ಆಗುವುದಿಲ್ಲ. ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಕೊಯ್ದರೆ ಹಾಲಿನ ನಾಳ ಮತ್ತು ನರಗಳಿಗೆ ಏಟು ಬೀಳುವ ಸಾಧ್ಯತೆ ಹೆಚ್ಚು. ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದರೆ ಕಡಿಮೆ. ಮಕ್ಕಳ ಯೋಚನೆ ಇದೆ ಅಂತ ಸರ್ಜನ್‌ಗೆ ಸ್ಪಷ್ಟವಾಗಿ ಹೇಳಿ. ಬಸಿರು, ಬಾಣಂತನದಲ್ಲಿ ಸ್ತನ ಹಿಗ್ಗಿ ಕುಗ್ಗುತ್ತದೆ, ಇಂಪ್ಲಾಂಟ್ ಹಾಗೇ ಇರುತ್ತದೆ. ಆಕಾರ ಬದಲಾಗಿ ಮತ್ತೆ ಸರಿಪಡಿಸಬೇಕು ಅನ್ನಿಸಬಹುದು. ಕೆಲವರು ಅದಕ್ಕೇ ಮಕ್ಕಳಾದ ಮೇಲೆ ಮಾಡಿಸುತ್ತಾರೆ.

ಸ್ನಾಯುವಿನ ಕೆಳಗಿಟ್ಟರೆ ಮೇಲಿನ ಅಂಚು ಕಾಣುವುದು ಕಡಿಮೆ, ತೆಳ್ಳಗಿರುವವರಿಗೆ ಅನುಕೂಲ. ಪೊರೆ ಬಿಗಿಯುವುದೂ ಸ್ವಲ್ಪ ಕಡಿಮೆ. ಆದರೆ ಮೊದಲ ದಿನಗಳ ನೋವು ಜಾಸ್ತಿ, ಎದೆ ಸ್ನಾಯು ಬಿಗಿ ಹಿಡಿದಾಗ ಇಂಪ್ಲಾಂಟ್ ಪಕ್ಕಕ್ಕೆ ಜಗ್ಗುತ್ತದೆ. ವ್ಯಾಯಾಮ ಮಾಡುವವರಿಗೆ ಇದು ಕಿರಿಕಿರಿ. ಎರಡರಲ್ಲಿ ಒಂದೇ ಸರಿ ಅಂತ ಇಲ್ಲ.

ಗಾತ್ರದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಗಟ್ಟಿ. ನಿಮ್ಮ ಎದೆಯ ಅಗಲ, ಚರ್ಮದ ದಪ್ಪ ಎಷ್ಟು ತಡೆಯುತ್ತದೋ ಅಷ್ಟೇ ಇರಲಿ. ಮೀರಿದ ಗಾತ್ರ ವರ್ಷಗಳಲ್ಲಿ ಚರ್ಮವನ್ನು ಎಳೆದು, ಒಳಗಿನ ಅಂಗಾಂಶವನ್ನು ತೆಳ್ಳಗಾಗಿಸುತ್ತದೆ. ಅದು ಇಂಪ್ಲಾಂಟ್ ತೆಗೆದರೂ ವಾಪಸ್ ಬರುವುದಿಲ್ಲ.

ಪುಟತಿರುವು

ಇನ್ನೊಂದು: ಇಂಪ್ಲಾಂಟ್ ಕಾರ್ಡ್ ಕೇಳಿ ಪಡೆಯಿರಿ. ಕಂಪನಿ, ಮಾಡೆಲ್, ಲಾಟ್ ನಂಬರ್, ಸೀರಿಯಲ್ ನಂಬರ್ ಅದರಲ್ಲಿರಬೇಕು. ಯಾಕೆ ಅಂದರೆ ಫ್ರಾನ್ಸ್‌ನ ಪಿಐಪಿ ಕಂಪನಿಯ ಕಥೆ ನೋಡಿ. ವೈದ್ಯಕೀಯ ಸಿಲಿಕೋನ್ ಬದಲು ಕೈಗಾರಿಕೆಗೆ ಬಳಸುವ ಅಗ್ಗದ ಸಿಲಿಕೋನ್ ತುಂಬಿ ಮಾರುತ್ತಿದ್ದರು. 2010ರಲ್ಲಿ ಅಧಿಕಾರಿಗಳು ನಿಲ್ಲಿಸುವ ಹೊತ್ತಿಗೆ ಹತ್ತಾರು ದೇಶಗಳಲ್ಲಿ ಸುಮಾರು 3 ಲಕ್ಷ ಮಹಿಳೆಯರ ದೇಹದಲ್ಲಿ ಅದು ಸೇರಿತ್ತು. ಕಂಪನಿ ಕಟ್ಟಿದ ಜಾನ್-ಕ್ಲೋಡ್ ಮಾಸ್‌ಗೆ 2013ರಲ್ಲಿ 4 ವರ್ಷ ಜೈಲು ಶಿಕ್ಷೆ ಆಯಿತು. ಅವು ಬೇರೆಯವಕ್ಕಿಂತ ಬೇಗ ಒಡೆಯುತ್ತಿದ್ದವು. ಆಗ ತಮ್ಮೊಳಗೆ ಇರುವುದು ಯಾವ ಕಂಪನಿಯದು ಅಂತ ಗೊತ್ತಿಲ್ಲದೆ ಎಷ್ಟೋ ಜನ ಆಸ್ಪತ್ರೆ ದಾಖಲೆ ಹುಡುಕಿಕೊಂಡು ಅಲೆದರು. ಕಾರ್ಡಿನ ಫೋಟೋ ತೆಗೆದು ನಂಬಿಕೆ ಇರುವ ಒಬ್ಬರಿಗೂ ಕಳಿಸಿಡಿ.

ಹೊಸಬೆಳಕು

ಹೋಗಿ ಬಂದೆ. ಮೇಲ್ಮೈ ನಯವಾದದ್ದು, ಕಾರ್ಡ್ ಕೊಡುತ್ತಾರೆ, ಕೊಯ್ಯುವುದು ಕೆಳಗಿನ ಮಡಿಕೆಯಲ್ಲಿ. ಇದಕ್ಕೆಲ್ಲ ಸಲೀಸಾಗಿ ಉತ್ತರ ಸಿಕ್ಕಿತು. ನೀವು ಹಾಕಿದವರಲ್ಲಿ ಎಷ್ಟು ಜನರಿಗೆ ಮತ್ತೆ ಆಪರೇಷನ್ ಆಗಿದೆ ಅಂತ ಕೇಳಿದಾಗ ಸರ್ಜನ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸಹಾಯಕಿಯನ್ನು ಕರೆದು ದಾಖಲೆ ತೆಗೆದು ಹೇಳುತ್ತೇನೆ, ಮುಂದಿನ ವಾರ ಬನ್ನಿ ಅಂದರು. ನನಗೆ ಅದು ಇಷ್ಟವಾಯಿತು. ಇಂಪ್ಲಾಂಟ್‌ಗೆ ವಾರಂಟಿ ಇದೆ, ಆದರೆ ಮತ್ತೆ ಆಪರೇಷನ್ ಆದರೆ ಥಿಯೇಟರ್, ಅನಸ್ತೇಸಿಯಾ ಖರ್ಚು ನನ್ನದೇ ಅಂತಲೂ ಗೊತ್ತಾಯಿತು. ಅದು ಪತ್ರದಲ್ಲಿ ಕೊನೆಯ ಪುಟದಲ್ಲಿತ್ತು. ಆ ದಾಖಲೆ ನೋಡುವವರೆಗೂ ಸಹಿ ಇಲ್ಲ.

ಎಡಬದಿ

ನಾನು ಹೊಸಬಳು. ಹುಡುಕುತ್ತಾ ಇಲ್ಲಿಗೆ ಬಂದೆ. ನನಗೆ ಒರಟು ಮೇಲ್ಮೈಯ ಇಂಪ್ಲಾಂಟ್, ಹಾಕಿಸಿ ಎಂಟು ವರ್ಷದ ಮೇಲಾಗಿದೆ. ಈಚೆಗೆ ಎಡಗಡೆ ಊದಿಕೊಂಡಿದೆ. ನೋವಿಲ್ಲ, ಜ್ವರ ಇಲ್ಲ. ತಾನಾಗೇ ಇಳಿಯುತ್ತದೆ ಅಂತ ಕಾಯುತ್ತಿದ್ದೆ. ಮೇಲಿನದ್ದು ಓದಿ ಕೈಕಾಲು ಆಡುತ್ತಿಲ್ಲ.

ಹಸಿರುಗೌನು

@ಎಡಬದಿ, ಮೊದಲು ಸಮಾಧಾನ ಮಾಡಿಕೊಳ್ಳಿ. ತಡವಾಗಿ ಬರುವ ಊತಕ್ಕೆ ಪೆಟ್ಟು, ಸೋಂಕು, ಒಡೆದಿರುವುದು, ಹೀಗೆ ಬೇರೆ ಕಾರಣಗಳೇ ಹೆಚ್ಚು. ಆದರೆ ಇನ್ನು ಕಾಯಬೇಡಿ, ಈ ವಾರವೇ ಹೋಗಿ. ಮೊದಲು ಅಲ್ಟ್ರಾಸೌಂಡ್. ಸುತ್ತ ದ್ರವ ಇದ್ದರೆ ಸೂಜಿಯಿಂದ ತೆಗೆಯುತ್ತಾರೆ. ಆ ದ್ರವವನ್ನು ಎಸೆಯಲು ಬಿಡಬೇಡಿ. ಜೀವಕೋಶಗಳ ಪರೀಕ್ಷೆಗೆ ಮತ್ತು ಸಿಡಿ30 ಪರೀಕ್ಷೆಗೆ (ಆ ಲಿಂಫೋಮಾದ ಜೀವಕೋಶಗಳ ಮೇಲಿರುವ ಗುರುತು ಹುಡುಕುವುದು) ಕಳಿಸಿ ಅಂತ ಹೆಸರು ಹೇಳಿಯೇ ಕೇಳಿ. ಲ್ಯಾಬ್ ಚೀಟಿಯಲ್ಲಿ ಇಂಪ್ಲಾಂಟ್ ಇದೆ, ಬಿಐಎ-ಎಎಲ್‌ಸಿಎಲ್ ಅನುಮಾನ ಅಂತ ಬರೆಸಿ. ಬರೆಯದಿದ್ದರೆ ಮಾಮೂಲಿ ಸೋಂಕಿನ ಪರೀಕ್ಷೆ ಮಾತ್ರ ಮಾಡಿ ಬಿಡುವ ಸಾಧ್ಯತೆ ಇದೆ. ವರದಿ ಬರುವ ಮುಂಚೆ ಇಂಪ್ಲಾಂಟ್ ಬದಲಾಯಿಸುವ ಆಪರೇಷನ್‌ಗೆ ಒಪ್ಪಬೇಡಿ.

ತಿಳಿನೀರು

ಕಾರ್ಡ್ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ಇಲ್ಲದಿದ್ದರೆ ಆಪರೇಷನ್ ಆದ ಕಡೆ ಫೋನ್ ಮಾಡಿ ದಾಖಲೆಯ ಪ್ರತಿ ಕೇಳಿ, ಅದು ನಿಮ್ಮದೇ ದಾಖಲೆ. ಒಬ್ಬರೇ ಹೋಗಬೇಡಿ, ಯಾರನ್ನಾದರೂ ಕರೆದುಕೊಂಡು ಹೋಗಿ. ಗಾಬರಿಯಲ್ಲಿ ಡಾಕ್ಟರ್ ಹೇಳಿದ ಅರ್ಧ ಮಾತು ತಲೆಗೇ ಹೋಗುವುದಿಲ್ಲ.

ಎಡಬದಿ

ಕಾರ್ಡ್ ಸಿಕ್ಕಿತು, ಬಯೋಸೆಲ್ ಅಂತಲೇ ಇದೆ. ನಾಳೆ ಬೆಳಗ್ಗೆಗೆ ಅಲ್ಟ್ರಾಸೌಂಡ್ ಬುಕ್ ಮಾಡಿದ್ದೇನೆ, ಅಕ್ಕ ಜೊತೆಗೆ ಬರುತ್ತಾಳೆ. ಸಿಡಿ30 ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ವರದಿ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.